ಏಳು ಕೋಲು

ಕಳೆದ ಮಂಗಳವಾರ ಬೆಳಗಿನ ಜಾವ ನಾನು ಸುರಂಗದೊಳಗೆ ಮನಿಯಾರ್ಡರ್ ಕೊಡಲು ಹೋಗಿದ್ದೆ.

ಕನಸಿನಲ್ಲಿ. ಎಚ್ಚರ ಇರುವಾಗ ನನ್ನ ಕೆಲಸ ಕಾಸರಗೋಡು ಪೇಟೆಯ ಒಂದು ಅಂಚೆ ಕಚೇರಿಯಲ್ಲಿ, ಕೌಂಟರಿನ ಹಿಂದೆ, ಫ್ಯಾನಿನ ಕೆಳಗೆ. ಊರೂರು ಅಲೆಯುವ ಕೆಲಸ ಅಲ್ಲ. ಆದರೆ ಕನಸಿನಲ್ಲಿ ಹೆಗಲಿಗೆ ಖಾಕಿ ಚೀಲ ಇತ್ತು. ಕೈಯಲ್ಲಿ ಚಿಮಿಣಿ ದೀಪ. ಎರಡೂ ಕಡೆ ಒದ್ದೆ ಕೆಂಪು ಗೋಡೆ, ಭುಜ ಉಜ್ಜುವಷ್ಟು ಹತ್ತಿರ. ಒಳಗಿನಿಂದ ಠಕ್, ಠಕ್ ಎಂದು ಸದ್ದು. ಯಾರೋ ಲಕೋಟೆಗಳಿಗೆ ಠಸ್ಸೆ ಹೊಡೆಯುತ್ತಿದ್ದಾರೆ ಅಂದುಕೊಂಡೆ. ನನ್ನ ಹಿಂದೆ ಸಾಲು ಇತ್ತು. ಸುರಂಗದಲ್ಲಿ ಇಬ್ಬರು ಪಕ್ಕಪಕ್ಕ ನಿಲ್ಲಲು ಆಗುವುದಿಲ್ಲ, ಹಾಗಾಗಿ ಒಬ್ಬರ ಹಿಂದೆ ಒಬ್ಬರು. ನನ್ನ ಬೆನ್ನಿಗೇ ಇದ್ದವರು ಮೂರನೇ ಕ್ಲಾಸಿನ ಮಾಸ್ತರರು. ಸುಲಿಯದ ತೆಂಗಿನಕಾಯಿಯೊಂದನ್ನು ಎದೆಗವಚಿಕೊಂಡು, ಆಧಾರ್‌ನಲ್ಲಿ ಹೆಸರು ತಿದ್ದಬೇಕಿತ್ತು ಅಂತ ಹೇಳುತ್ತಲೇ ಇದ್ದರು. ಅವರು ತೀರಿಹೋಗಿ ಇಪ್ಪತ್ತು ವರ್ಷ ಆಗಿರಬಹುದು.

ಸುರಂಗದ ಕೊನೆಯಲ್ಲಿ ನಮ್ಮದೇ ಕೌಂಟರ್. ಅದೇ ಗಾಜು, ಗಾಜಿನ ಮೂಲೆಯಲ್ಲಿ ಅದೇ ಬಿರುಕು. ಆಚೆ ಒಬ್ಬ ಮನುಷ್ಯ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂತಿದ್ದ. ಬರಿಮೈ. ತಲೆಗೆ ಬೈರಾಸು ಸುತ್ತಿದ್ದಾನೆ. ಬೆನ್ನ ಮೇಲೆ ಕೆಂಪು ಮಣ್ಣು ಒಣಗಿ ಬಿರಿದಿದೆ. "ಸಹಿ ಹಾಕಿ" ಎಂದೆ. ತಿರುಗಲಿಲ್ಲ. ಫಾರ್ಮ್ ನೋಡಿದೆ. ಹಳೇ ಕಾಗದದ ಮನಿಯಾರ್ಡರ್. ಹೆಸರಿನ ಜಾಗದಲ್ಲಿ ಶಾಯಿ ನೆನೆದು ಹರಡಿತ್ತು. ಮೊತ್ತದ ಜಾಗದಲ್ಲಿ ಬರೀ ಏಳು. ರೂಪಾಯಿ ಇಲ್ಲ, ಪೈಸೆ ಇಲ್ಲ. ಕೆಳಗೆ ಎರಡು ಸಾಲು ಸಮಾಚಾರ ಬರೆಯಲು ಚೂರು ಜಾಗ ಇರುತ್ತದಲ್ಲ, ಅಲ್ಲಿ ನನ್ನ ಅಜ್ಜನ ಕೈಬರಹ. ಓದೋಣ ಅಂತ ದೀಪ ಹತ್ತಿರ ತಂದೆ. ಬತ್ತಿ ಸಣ್ಣಗಾಯಿತು, ನೀಲಿಯಾಯಿತು, ಹೋಯಿತು.

ಆಗ ದೂರದಿಂದ, ಸುರಂಗದ ಬಾಯಿಯಿಂದ, ಯಾರೋ ತುಳುವಿನಲ್ಲಿ ಕೂಗಿದರು.

"ತುಡರ್ ಉಂಡಾ?"

ದೀಪ ಇದೆಯಾ? ಉತ್ತರ ಕೊಡಲು ಬಾಯಿ ತೆರೆದೆ. ಬಾಯಿ ತುಂಬ ಮಣ್ಣು.

ಎದ್ದಾಗ ನಾಲ್ಕು ಮುಕ್ಕಾಲು. ಕರೆಂಟು ಹೋಗಿತ್ತು. ಫ್ಯಾನು ನಿಂತು ಕತ್ತೆಲ್ಲ ಬೆವರು. ಪಕ್ಕದಲ್ಲಿ ಇವರು ಅರೆನಿದ್ದೆಯಲ್ಲೇ "ಎಂತ ಆಯ್ತು?" ಅಂದರು. "ಎಂತ ಇಲ್ಲ, ಆಧಾರ್" ಅಂದೆ. ಮತ್ತೆ ಗೊರಕೆ.

ಬೆಳಗಿನ ಜಾವದ ಕನಸು ಫಲ ಕೊಡುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ರಾತ್ರಿ ಕಳೆದಂತೆ ಕನಸು ಬೀಳುವ ನಿದ್ದೆಯ ಪಾಳಿ ಉದ್ದವಾಗುತ್ತಾ ಹೋಗುತ್ತದಂತೆ. ಏಳುವ ಹೊತ್ತಿಗೆ ಬಿದ್ದದ್ದು ನೆನಪಿನಲ್ಲಿ ಉಳಿಯುತ್ತದೆ, ನೆನಪಿದ್ದದ್ದಕ್ಕೆ ನಾವು ಫಲ ಹುಡುಕುತ್ತೇವೆ, ಅಷ್ಟೇ. ಈ ಕನಸಿಗೆ ಕಾರಣವನ್ನೂ ನಾನೇ ಹುಡುಕಿಕೊಂಡೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸದಲ್ಲಿ ನಮ್ಮ ಪೇಟೆಯ ಅಕ್ಕಪಕ್ಕದ ಗುಡ್ಡಗಳನ್ನೆಲ್ಲ ಕೇಕು ಕತ್ತರಿಸಿದ ಹಾಗೆ ಕತ್ತರಿಸಿದ್ದಾರೆ. ಹಿಂದಿನ ದಿನ ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಸರ್ವಿಸ್ ರೋಡಿನ ಚರಂಡಿಗೆ ಹೊಸದಾಗಿ ಅಗೆದಿದ್ದರು. ಒಂದು ಸಣ್ಣ ಮಳೆ ಬಂದು ನಿಂತಿತ್ತು. ಆಗಷ್ಟೇ ಕಡಿದ ಮುರಕಲ್ಲು, ನಮ್ಮ ಗುಡ್ಡಗಳ ಕೆಂಪು ತೂತುಕಲ್ಲು, ಒದ್ದೆಯಾದಾಗ ಒಂದು ವಾಸನೆ ಬರುತ್ತದೆ. ಕಬ್ಬಿಣ ನೆಕ್ಕಿದ ಹಾಗೆ, ಸ್ವಲ್ಪ ತಂಪು, ಸ್ವಲ್ಪ ಹಳೇ ನೆತ್ತರಿನ ಹಾಗೆ. ಆ ವಾಸನೆ ಮೂಗಿಗೆ ಬಿದ್ದು ನಲ್ವತ್ತೆರಡು ವರ್ಷ ಆಗಿತ್ತು.

ನಮ್ಮ ಮನೆ ಎಣ್ಮಕಜೆ ಕಡೆ, ಪೆರ್ಲದಿಂದ ಒಳಗೆ. ಈಗ ಕಾಸರಗೋಡು ಜಿಲ್ಲೆ. ನಾನು ಹೇಳುವ ಕಥೆ 1983ರದ್ದು, ಆಗ ಈ ಜಿಲ್ಲೆಯೇ ಇರಲಿಲ್ಲ. ನಾವು ಕಣ್ಣೂರು ಜಿಲ್ಲೆಯವರು. ಜಿಲ್ಲೆ ಆದದ್ದು ಮರುವರ್ಷ ಮೇ 24ಕ್ಕೆ, ಹೆಚ್ಚುಕಮ್ಮಿ ಪತ್ತನಾಜೆಯ ಹೊತ್ತಿಗೆ, ಅಂದರೆ ತುಳುನಾಡಿನ ಜಾತ್ರೆ, ಆಟಗಳಿಗೆ ಆ ವರ್ಷದ ತೆರೆ ಬೀಳುವ ದಿನ. ಅದಕ್ಕೂ ಹಿಂದೆ, 1956ರವರೆಗೆ, ದಕ್ಷಿಣ ಕನ್ನಡದವರು. ಅಜ್ಜ ಮನೆಯಲ್ಲೇ ಕೂತು ಇಷ್ಟು ಊರು ಬದಲಾಯಿಸಿದವರು. ಮನೆಯಲ್ಲಿ ಹವ್ಯಕ ಕನ್ನಡ, ತೋಟದಲ್ಲಿ ತುಳು, ಪೇಟೆಗೆ ಇಳಿದರೆ ಮಲಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. ಯಾವ ಭಾಷೆಯಲ್ಲಿ ಬೈಸಿಕೊಂಡೆವು ಅನ್ನುವುದರ ಮೇಲೆ ತಪ್ಪು ಎಷ್ಟು ದೊಡ್ಡದು ಅಂತ ಮಕ್ಕಳಿಗೆ ಗೊತ್ತಾಗುತ್ತಿತ್ತು.

ಘಟ್ಟದ ಆಚೆಯವರಿಗೆ ಸುರಂಗ ಅಂದರೆ ರೈಲಿನದ್ದು, ಇಲ್ಲಾ ರಾಜರ ಕಾಲದ್ದು. ನಮ್ಮಲ್ಲಿ ಸುರಂಗ ಅಂದರೆ ನೀರು. ಬಾವಿಯನ್ನು ಅಡ್ಡ ಮಲಗಿಸಿದರೆ ಸುರಂಗ. ಮನೆಯ ಹಿಂದಿನ ಗುಡ್ಡದ ಹೊಟ್ಟೆಗೆ ನೇರವಾಗಿ ತೋಡಿಕೊಂಡು ಹೋಗುವುದು. ಅಗಲ ಎರಡು ಅಡಿ ಇದ್ದರೆ ಹೆಚ್ಚು. ಎತ್ತರ ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯುವಷ್ಟು. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಒಳಗೆ ಎಲ್ಲೋ ನಿಂತಿರುತ್ತದೆ. ಅದನ್ನು ಮುಟ್ಟಿದರೆ ಗೆದ್ದೆವು. ನೆಲವನ್ನು ಬಾಯಿಯ ಕಡೆಗೆ ಕೂದಲಷ್ಟು ಇಳಿಜಾರು ಮಾಡಿರುತ್ತಾರೆ, ನೀರು ತಾನಾಗಿ ಹೊರಗೆ ಬರುತ್ತದೆ. ಅಲ್ಲಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ. ಪಂಪು ಬೇಡ, ಹಗ್ಗ ಬೇಡ, ಕರೆಂಟು ಬೇಡ. ಬಾಯಾರು, ಶೇಣಿ, ಪಡ್ರೆ, ಆಚೆ ಗಡಿ ದಾಟಿ ಮಾಣಿಲದವರೆಗೂ ಇಂಥ ಸುರಂಗಗಳಿವೆ. ಇರಾನಿನಲ್ಲೂ ಕನಾತ್ ಅಂತ ಇದೇ ಜಾತಿಯದ್ದು ಇದೆ ಅಂತ ಈಗ ಓದುತ್ತೇವೆ. ಅಜ್ಜನಿಗೆ ಇರಾನು ಗೊತ್ತಿರಲಿಲ್ಲ. ಕೇಪುವಿನ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಂದರ ಹಿಂದೊಂದು ಬರಡು ಸುರಂಗ ತೋಡಿ, ಬಿಡದೆ ಮತ್ತೊಂದು ತೋಡಿ ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಕಚೇರಿಯಲ್ಲಿ ಎಲ್ಲರೂ ಫೋಟೋ ನೋಡಿದೆವು. ನಾನು ಅವರ ಪಾದ ಕಾಣುತ್ತದಾ ಅಂತ ನೋಡಿದೆ. ಯಾಕೆ ಅಂತ ಆಗ ನನಗೇ ಹೊಳೆಯಲಿಲ್ಲ.

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ನೀರಿಗೆ ಇಷ್ಟು ಪಾಡಾ ಅಂತ ಕೇಳಿದವರಿದ್ದಾರೆ. ಬೀಳುವುದು ನಿಜ. ನಿಲ್ಲುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದು ಗುಡ್ಡ ಇಳಿದು, ತೋಡು ಸೇರಿ, ಹೊಳೆ ಸೇರಿ, ಸಮುದ್ರಕ್ಕೆ ಹೋದ ಮೇಲೆ ಏಪ್ರಿಲಿನಲ್ಲಿ ನಾವು ಆಕಾಶ ನೋಡುವುದು.

1983ರ ಏಪ್ರಿಲಿನಲ್ಲಿ ಅಜ್ಜ ಆಕಾಶ ನೋಡುವುದನ್ನೂ ಬಿಟ್ಟಿದ್ದರು. ಕೇರಳ ಪೂರ್ತಿ ಬರ. ತೋಟದ ಕೆರೆಯಲ್ಲಿ ಕೆಸರು. ಅಡಿಕೆ ಮರಗಳ ಸೋಗೆ ಬಾಗಿ ಕಂಬಕ್ಕೆ ಒರಗಿದ ಹಾಗೆ ನಿಂತಿದ್ದವು. ಕುಡಿಯುವ ನೀರಿಗೆ ತೋಟದ ಕೆಳಗಿನ ಬಾವಿ ಒಂದೇ ಗತಿ. ಅಮ್ಮ ಕೊಡಪಾನ ಸೊಂಟಕ್ಕಿಟ್ಟು ಎಪ್ಪತ್ತೆರಡು ಮೆಟ್ಟಿಲು ಹತ್ತಿ ಬರಬೇಕು. ಮೆಟ್ಟಿಲು ಎಣಿಸಿದ್ದು ನಾನು. ಅಮ್ಮನಿಗೆ ಎಣಿಸುವಷ್ಟು ಉಸಿರು ಉಳಿಯುತ್ತಿರಲಿಲ್ಲ.

ವಿಷು ಕಳೆದ ವಾರ ಸುರಂಗದಣ್ಣ ಬಂದರು. ಹಾಗೆ ಕರೆದದ್ದು ನಾವು ಮಕ್ಕಳು. ಚಂದ್ರಗಿರಿ ಹೊಳೆಯ ತೆಂಕು ಕಡೆಯವರು. ಮಾತೃಭಾಷೆ ಮಲಯಾಳ, ನಮ್ಮ ಹತ್ತಿರ ತುಳು. ಜೊತೆಗೆ ಅವರ ಅಳಿಯ, ಹದಿನೈದರ ಹುಡುಗ. ಸುರಂಗದಣ್ಣ ಎರಡು ದಿನ ಗುಡ್ಡೆಯಲ್ಲಿ ಸುಮ್ನೆ ತಿರುಗಾಡಿದರು. ಹುತ್ತ ಎಲ್ಲಿದೆ, ಬೇಸಗೆಯಲ್ಲೂ ಎಲೆ ಹಸಿರಾಗಿರುವ ಮರ ಎಲ್ಲಿದೆ, ಅಷ್ಟೇ ನೋಡಿದ್ದು. ಮೂರನೇ ದಿನ ಒಂದು ಜಾಗದಲ್ಲಿ ಕಾಯಿ ಒಡೆದರು. ಮಾತು ಕೋಲಿನ ಲೆಕ್ಕದಲ್ಲಿ ಆಯಿತು. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಕೋಲಿಗೆ 30 ರೂಪಾಯಿ, ಇಬ್ಬರಿಗೂ ಎರಡು ಹೊತ್ತಿನ ಊಟ.

ಅವರು ಕೂತು ಕಡಿಯುತ್ತಿದ್ದರು. ಗಿಡ್ಡ ಹಿಡಿಯ ಪಿಕ್ಕಾಸು. ಅಳಿಯ ಮಣ್ಣನ್ನು ಅಡಿಕೆ ಹಾಳೆಗೆ ತುಂಬಿ, ಹಾಳೆಗೆ ಹಗ್ಗ ಕಟ್ಟಿ, ಹಿಮ್ಮುಖವಾಗಿ ಎಳೆದು ಹೊರಗೆ ತರುವುದು. ಆ ಮಣ್ಣು ಹರಡಿಯೇ ನಮ್ಮ ಮನೆಯ ಮೇಲಿನ ಅಂಗಳ ಆದದ್ದು. ಒಂದು ಕೋಲು ಮುಗಿದಾಗ ಸುರಂಗದಣ್ಣ ಅಳತೆಯ ಕೋಲು ಹಿಡಿದು ನೋಡಿ, ಬಲಗಡೆ ಗೋಡೆಗೆ ಭುಜದ ಎತ್ತರದಲ್ಲಿ ಪಿಕ್ಕಾಸಿನ ಮೂತಿಯಿಂದ ಒಂದು ಗೀಟು ಹಾಕುತ್ತಿದ್ದರು. ಎರಡು ಬೆರಳು ಉದ್ದ. ಸಂಜೆ ಅಜ್ಜ ಬಂದು "ಇಂದು ಎಷ್ಟು?" ಅಂತ ಕೇಳಿ ಪುಸ್ತಕಕ್ಕೆ ಬರೆದುಕೊಳ್ಳುವುದು.

ಒಳಗೆ ಹೋದಂತೆ ಗಾಳಿ ತೆಳುವಾಗುತ್ತದೆ. ಅದಕ್ಕೇ ದೀಪ. ದೀಪ ಉರಿದರೆ ಮನುಷ್ಯನೂ ಉಸಿರಾಡಬಹುದು. ಬತ್ತಿ ಸಣ್ಣಗಾದರೆ ಎದ್ದು ಬರಬೇಕು, ಆಮೇಲೆ ಅನ್ನುವ ಮಾತಿಲ್ಲ. ಇಪ್ಪತ್ತು ಕೋಲು ದಾಟಿದ ಮೇಲೆ ಬಾಯಿಯಲ್ಲಿ ಯಾರಾದರೂ ಇರಬೇಕು ಅಂತ ಆಯಿತು. ಕೂಗುತ್ತಾ ಇರಬೇಕು. ಅಳಿಯ ಮಣ್ಣು ಚೆಲ್ಲಲು ಹೋದಾಗ ಆ ಕೆಲಸ ನನ್ನದು. ಶಾಲೆಗೆ ರಜೆ, ನನಗೆ ಒಂಬತ್ತು ವರ್ಷ, ಮನೆಯಲ್ಲಿ ಬೇರೆ ಉಪಯೋಗವೂ ಇರಲಿಲ್ಲ.

"ತುಡರ್ ಉಂಡಾ?"

"ಉಂಡು."

ನೂರು ಎಣಿಸಿ ಮತ್ತೆ ಕೂಗಬೇಕು. ಒಳಗಿನಿಂದ ಬರುವ ದನಿ ಗುಡ್ಡವೇ ಮಾತಾಡಿದ ಹಾಗೆ ಇರುತ್ತಿತ್ತು. ಆ ಒಂದೂವರೆ ತಿಂಗಳಲ್ಲಿ ಸುರಂಗದಣ್ಣ ನನ್ನ ಜೊತೆ ಆಡಿದ ಮಾತು ಹೆಚ್ಚಿನದೂ ಇದೊಂದೇ ಶಬ್ದ. ಊಟಕ್ಕೆ ಅವರು ಹಿಂದಿನ ಚಾವಡಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು, ನಾವು ಒಳಗೆ. ಯಾಕೆ ಹಾಗೆ ಅಂತ ಆಗ ಕೇಳಲಿಲ್ಲ. ಈಗ ಕೇಳಬೇಕಾಗಿಯೂ ಇಲ್ಲ. ಅವರ ಮುಖ ನೆನಪು ಮಾಡಿಕೊಳ್ಳಲು ಈ ವಾರವೆಲ್ಲ ಪ್ರಯತ್ನಪಟ್ಟೆ. ಬರುವುದಿಲ್ಲ. ಮೀಸೆ ಇತ್ತಾ? ಗೊತ್ತಿಲ್ಲ. ಪಾದ ಮಾತ್ರ ನೆನಪಿದೆ.

ಪಾದ ನೋಡಿದ್ದು ಯಾಕೆಂದರೆ ನಾನು ಒಳಗೆ ಹೋಗಿದ್ದೆ.

ಹೋಗಬಾರದಿತ್ತು. "ಕೂಸುಗೊ ಅಲ್ಲಿಗೆ ಹೋಪಲಾಗ" ಅಂತ ಅಜ್ಜಿಯ ಕಟ್ಟಪ್ಪಣೆ. ಹೆಣ್ಣುಮಕ್ಕಳು ಒಳಗೆ ಕಾಲಿಟ್ಟರೆ ನೀರು ಹಿಂದೆ ಸರಿಯುತ್ತದಂತೆ. ನೀರು ಹೊರುವುದು ಹೆಂಗಸರು, ನೀರು ಹೆದರುವುದೂ ಹೆಂಗಸರಿಗೆ. ಚೆನ್ನಾಗಿದೆ ಅಲ್ವಾ?

ಮೂವತ್ತನಾಲ್ಕು ಕೋಲು ಆದಾಗ ಅಜ್ಜ ಸಾಕು ಅಂದರು. ಗೋಡೆ ಬೆವರುತ್ತಿತ್ತು, ಹರಿಯುತ್ತಿರಲಿಲ್ಲ. ಕೈಯಲ್ಲಿ ದುಡ್ಡಿರಲಿಲ್ಲ, ಆ ವರ್ಷ ಫಸಲೂ ಇರಲಿಲ್ಲ. ಸುರಂಗದಣ್ಣ "ನೀರ್ ದೂರ ಇಜ್ಜಿ" ಅಂದರು. ನೀರು ದೂರ ಇಲ್ಲ, ನಾನು ಕಡಿಯುತ್ತೇನೆ, ಬಂದರೆ ಕೊಡಿ. ಅಜ್ಜ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಎಲೆಗೆ ಸುಣ್ಣ ಹಚ್ಚಿದರು. ಇದನ್ನು ನಾನು ಕಣ್ಣಾರೆ ಕಂಡದ್ದು. ಅಜ್ಜ ಎಲೆಗೆ ಸುಣ್ಣ ಹಚ್ಚಿದರೆ ಅದು ಉತ್ತರ, ಯಾವ ಉತ್ತರ ಅಂತ ಎದುರಿನವರೇ ತಿಳಿದುಕೊಳ್ಳಬೇಕು.

ಮತ್ತೆ ಏಳೆಂಟು ದಿನ ಕಳೆದಿರಬೇಕು. ಮಧ್ಯಾಹ್ನ. ಅಳಿಯ ಹುಡುಗ ಮಿಂದು ಬರಲು ಹೋಗಿದ್ದ. ನಾನು ಕೂಗಿದೆ. ಉತ್ತರ ಇಲ್ಲ. ನೂರು ಎಣಿಸಲಿಲ್ಲ, ಹತ್ತು ಎಣಿಸಿ ಮತ್ತೆ ಕೂಗಿದೆ. ಇಲ್ಲ. ಮೂರನೇ ಸಲ ಕೂಗಿದಾಗ ನನ್ನ ದನಿಯೇ ವಾಪಸು ಬಂತು. ಓಡಿ ಮನೆಯವರನ್ನು ಕರೆಯಬೇಕಿತ್ತು. ನಾನು ಒಳಗೆ ಓಡಿದೆ.

ಸ್ವಲ್ಪ ದೂರ ಬಾಯಿಯ ಬೆಳಕು ಬೆನ್ನಿಗೆ ಬರುತ್ತದೆ. ಆಮೇಲೆ ನನ್ನ ನೆರಳೇ ದಾರಿ ಮುಚ್ಚಿತು. ಬಲಗೈಯನ್ನು ಗೋಡೆಗೆ ಆನಿಸಿಕೊಂಡು ಹೋದೆ. ಗೀಟುಗಳು ಬೆರಳಿಗೆ ಸಿಗುತ್ತಿದ್ದವು, ತಲೆಗಿಂತ ಮೇಲೆ. ಕೊನೆ ಮುಟ್ಟುವ ಮೊದಲೇ ಕಾಲಿಗೆ ಕಾಲು ತಾಗಿತು. ತಣ್ಣಗಿತ್ತು. ಕಿರುಚಲು ಹೊರಟಾಗ ಅವರು "ಶ್ಶ್" ಅಂದರು.

ಬೆಂಕಿಕಡ್ಡಿ ಗೀರಿದರು. ಒಂದು ಕ್ಷಣ ಉರಿದು ಆರಿತು. ಅಷ್ಟರಲ್ಲಿ ಕಂಡದ್ದು ಇಷ್ಟು. ನನ್ನ ಕಡೆಗೆ ಅಂಗಾಲು ಮಾಡಿ, ಗೋಡೆಗೆ ಕಿವಿ ಒತ್ತಿ, ಒಂದು ಮಗ್ಗುಲಾಗಿ ಬಿದ್ದುಕೊಂಡಿದ್ದಾರೆ. ಅಂಗಾಲು ಬಿಳಿಚಿ, ತುಂಬ ಹೊತ್ತು ನೀರಿನಲ್ಲಿಟ್ಟ ಹಾಗೆ ನೆರಿಗೆ ನೆರಿಗೆ. ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಹೋಗಿದೆ. ನಡುವೆ ಕೆಂಪು ಮಣ್ಣು, ಅರಿಶಿನ ಕುಂಕುಮ ಕಲಸಿದ ಹಾಗೆ. ಹಿಮ್ಮಡಿಯ ಬಿರುಕಿನಲ್ಲಿ ಒಂದು ಸಣ್ಣ ಹರಳು ಸಿಕ್ಕಿಕೊಂಡು ಮಿನುಗಿತು.

ಕತ್ತಲಲ್ಲಿ ಕೇಳಿದರು. "ಕೇಣುಂಡಾ?"

ಕೇಳಿಸುತ್ತದಾ? ನಾನೂ ಗೋಡೆಗೆ ಕಿವಿ ಇಟ್ಟೆ. ಏನೋ ಇತ್ತು. ಅಕ್ಕಿ ತೊಳೆದು ಬಸಿಯುವಾಗಿನ ಸದ್ದು, ಮೂರು ಮನೆ ಆಚೆಯಿಂದ ಕೇಳಿದ ಹಾಗೆ. ನನ್ನ ಕಿವಿಯೊಳಗಿನ ಸದ್ದೇ ಆಗಿದ್ದರೂ ಆಗಿರಬಹುದು. "ಉಂಡು" ಅಂದೆ. ಆವತ್ತು ಆ ಶಬ್ದ ಹೇಳಿದವಳು ನಾನು. ಅವರು ನಕ್ಕರು ಅನಿಸುತ್ತದೆ. ಮತ್ತೆ ನನ್ನ ಹೆಗಲು ಹಿಡಿದು ಬಾಯಿಯ ಕಡೆಗೆ ತಿರುಗಿಸಿ ದೂಡಿದರು. ದೀಪ ಇಲ್ಲದ ಜಾಗದಲ್ಲಿ ಮಕ್ಕಳು ನಿಲ್ಲಬಾರದು.

ಆ ಸಂಜೆ ಜಗುಲಿಯಲ್ಲಿ ಮಾತು ಜೋರಾಯಿತು. ದೀಪ ನಿಲ್ಲುತ್ತಿಲ್ಲ. ಮುಂದೆ ಕಡಿಯಬೇಕಾದರೆ ಮೇಲಿನಿಂದ ಗಾಳಿಗೆ ಒಂದು ಕಂಡಿ ಇಳಿಸಬೇಕು, ಅದಕ್ಕೆ ಬೇರೆ ಖರ್ಚು. ಅಜ್ಜ ಒಪ್ಪಲಿಲ್ಲ. ನೀರು ಅಲ್ಲೇ ಇದೆ, ಗೋಡೆಯ ಆಚೆ, ಕೇಳಿದ್ದೇನೆ ಅಂದರು ಸುರಂಗದಣ್ಣ. "ಬೇರೆ ಆರು ಕೇಳಿದ್ದವು?" ಅಂತ ಅಜ್ಜ ಕೇಳಿದರು. ಬೇರೆ ಯಾರು ಕೇಳಿದ್ದಾರೆ?

ನಾನು ಕಂಬದ ಹಿಂದೆ ನಿಂತಿದ್ದೆ. ಸುರಂಗದಣ್ಣ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಮುಖ ನೆನಪಿರುತ್ತಿತ್ತಲ್ಲ. ನನ್ನ ಹೆಸರು ಎತ್ತಲೂ ಇಲ್ಲ. ಎತ್ತಿದ್ದರೆ ನನಗೆ ಅಜ್ಜಿಯ ಕೈಯಲ್ಲಿ ಬೀಳುತ್ತಿತ್ತು ಅಂತ ಅವರಿಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಮರುದಿನ ಬೆಳಗ್ಗೆ ಮಾವ ಅಳಿಯ ಇಬ್ಬರೂ ಹೊರಟುಹೋಗಿದ್ದರು. ಹಗ್ಗ ಕಟ್ಟಿದ ಹಾಳೆ ಸುರಂಗದ ಬಾಯಿಯಲ್ಲಿ ಬಿದ್ದಿತ್ತು.

ಆ ವರ್ಷ ಮಳೆಯೂ ತಡ. ಜೂನ್ ನಡುವಿಗೆ ಬಂತು, ಬಂದದ್ದು ಸುರಿಯಿತು. ಮಳೆಗಾಲದಲ್ಲಿ ಎಲ್ಲ ಸುರಂಗದಲ್ಲೂ ನೀರು ಇರುತ್ತದೆ, ಅದು ಲೆಕ್ಕಕ್ಕಿಲ್ಲ. ನವರಾತ್ರಿ ಕಳೆದರೂ ನಮ್ಮ ಸುರಂಗದ ನೀರು ನಿಲ್ಲಲಿಲ್ಲ. ದೀಪಾವಳಿಗೆ ಚಿಕ್ಕಪ್ಪ ದಂಬೆ ಇಟ್ಟರು. ಶಿವರಾತ್ರಿ ಹೊತ್ತಿಗೂ ಕಿರುಬೆರಳು ಗಾತ್ರ ಬೀಳುತ್ತಿತ್ತು. ಮರುವರ್ಷದ ಮೇ ತಿಂಗಳಲ್ಲೂ ಬಿತ್ತು. ಕಿರುಬೆರಳು ಅಂದರೆ ಸಣ್ಣದು ಅಂತ ಅಂದುಕೊಳ್ಳಬೇಡಿ. ರಾತ್ರಿಯೆಲ್ಲ ಟ್ಯಾಂಕಿಗೆ ಬಿದ್ದರೆ ಬೆಳಗ್ಗೆ ಮನೆಮಂದಿಗೆ, ದನಗಳಿಗೆ, ಅಂಗಳದ ಮಲ್ಲಿಗೆಗೆ ಸಾಕಾಗಿ ಮಿಗುತ್ತದೆ. ಅಮ್ಮ ಎಪ್ಪತ್ತೆರಡು ಮೆಟ್ಟಿಲು ಇಳಿಯುವುದು ನಿಂತಿತು. ಕೊಡಪಾನ ಅಟ್ಟಕ್ಕೆ ಹೋಯಿತು.

ಆ ನೀರನ್ನು ನಾವು ಇಪ್ಪತ್ತೊಂದು ವರ್ಷ ಕುಡಿದೆವು. ನನ್ನ ಮದುವೆಯ ಅಡಿಗೆ ಅದರಲ್ಲೇ ಆದದ್ದು. ಅದೇ ಪಂಚಾಯತಿನ ಆಚೆ ಬದಿಯಲ್ಲಿ, ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ ಅದು. 2000ದವರೆಗೂ ಸಿಂಪಡಿಸಿದರು. ಬಾವಿ ಮುಚ್ಚಿಕೊಳ್ಳಿ ಅನ್ನುತ್ತಿದ್ದರಂತೆ. ಬಾವಿಯನ್ನೇನೋ ಮುಚ್ಚಬಹುದು, ತೋಡನ್ನು ಮುಚ್ಚುವುದು ಹೇಗೆ, ಗುಡ್ಡವನ್ನು ಮುಚ್ಚುವುದು ಹೇಗೆ? ಅಲ್ಲಿ ಒಂದು ಊರಿನ ಹೆಸರು ಸ್ವರ್ಗ. ಬಸ್ಸಿಗೆ ಸ್ವರ್ಗ ಅಂತ ಬೋರ್ಡು ಇರುತ್ತದೆ. ಆ ವಿಳಾಸದ ಕಾಗದ ಕೈಗೆ ಬಂದರೆ ಇವತ್ತಿಗೂ ನಾನು ಒಂದು ಗಳಿಗೆ ಹೆಚ್ಚು ಹಿಡಿದುಕೊಳ್ಳುತ್ತೇನೆ.

ಬೋರ್‌ವೆಲ್ ಬಂದದ್ದು 2005ರಲ್ಲಿ. ದುಡ್ಡಿನಲ್ಲಿ ಅರ್ಧ ನಾನು ಕೊಟ್ಟದ್ದು. ಅಜ್ಜ ಆಗ ಇರಲಿಲ್ಲ. ಲಾರಿ ಬಂದು ಒಂದು ರಾತ್ರಿಯಲ್ಲಿ ನಾನೂರು ಅಡಿ ಇಳಿಸಿ ಹೋಯಿತು. ಸುರಂಗದಣ್ಣ ಒಂದೂವರೆ ತಿಂಗಳು ಕಡಿದದ್ದು ನೂರು ಅಡಿ. ಆಮೇಲೆ ವರ್ಷವರ್ಷ ಸುರಂಗ ಇಳಿಯುತ್ತಾ ಬಂತು. ಬೋರಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುತ್ತಾರೆ ಚಿಕ್ಕಪ್ಪ, ಮೇಲಿನ ಗುಡ್ಡಕ್ಕೆ ರಬ್ಬರು ಹಾಕಿದ್ದು ಕಾರಣವಂತೆ. ಇರಬಹುದು. 2016ರ ಬರದ ವರ್ಷ ಅದು ಡಿಸೆಂಬರಿಗೇ ನಿಂತಿತು. ಈಗ ಜನವರಿವರೆಗೆ ತೊಟ್ಟಿಕ್ಕುತ್ತದೆ, ಅಷ್ಟೇ.

ಕನಸು ಬಿದ್ದ ದಿನ ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಸುರಂಗದಣ್ಣನಿಗೆ ಆ ಏಳು ಕೋಲಿನ ದುಡ್ಡು ಕೊಟ್ಟದ್ದು ಯಾವಾಗ ಅಂತ ಕೇಳಿದೆ.

"ಯಾವ ಏಳು ಕೋಲು? ಸುರಂಗವೇ ಮೂವತ್ತನಾಲ್ಕು ಕೋಲು. ಅಪ್ಪನ ಪುಸ್ತಕದಲ್ಲಿ ಉಂಟು. ಪೂರ ಪಾವತಿ. ನಿನಗೆ ಈಗ ಯಾಕೆ ಅದು?"

ಕನಸು ಬಿತ್ತು ಅಂತ ಹೇಳಲು ನಾಚಿಕೆಯಾಯಿತು. ಆಫೀಸಿನಲ್ಲಿ ಯಾರೋ ಸುರಂಗದ ಬಗ್ಗೆ ಕೇಳಿದರು ಅಂದೆ.

ಅಮ್ಮನಿಗೆ ಮಾಡಿದೆ. ಅಮ್ಮ ಬೇರೆ ಹೇಳಿದರು. ಮರುವರ್ಷ ಬೇಸಗೆಯಲ್ಲಿ ಸುರಂಗದಣ್ಣ ಒಮ್ಮೆ ಬಂದಿದ್ದರಂತೆ, ಬೇರೆ ಮನೆಯ ಕೆಲಸಕ್ಕೆ ಹೋಗುವ ದಾರಿಯಲ್ಲಿ. ಅಮ್ಮ ಬೆಲ್ಲ ನೀರು ಕೊಟ್ಟರಂತೆ. ನೀರು ಕುಡಿದು, ಚೆಂಬು ಕೆಳಗಿಟ್ಟು, ಯಾವ ನೀರು ಅಂತ ಕೇಳಿದರಂತೆ. ಸುರಂಗದ್ದು ಅಂತ ಅಮ್ಮ ಹೇಳಿದ್ದಕ್ಕೆ ತಲೆ ಆಡಿಸಿ ಹೋದರಂತೆ. ಅಜ್ಜ ಆಗ ತೋಟದಲ್ಲಿದ್ದರು.

"ದುಡ್ಡು ಕೇಳಿದರಾ?"

"ಇಲ್ಲೆ."

"ನೀವು ಅಜ್ಜನಿಗೆ ಹೇಳಿದಿರಾ, ಅವರು ಬಂದಿದ್ದರು ಅಂತ?"

ಅಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸೊಸೆಯಂದಿರು ಮಾವನ ಹತ್ತಿರ ಲೆಕ್ಕದ ಮಾತು ಎತ್ತುವ ಕಾಲ ಅದಲ್ಲ ಅಂತ ನನಗೂ ಗೊತ್ತು. "ಕುಕ್ಕರು ಕೂಗ್ತಾ ಇದ್ದು" ಅಂತ ಇಟ್ಟುಬಿಟ್ಟರು.

ಇನ್ನೂರ ಹತ್ತು ರೂಪಾಯಿ. ನಮ್ಮ ಕೌಂಟರಿನಲ್ಲಿ ಹತ್ತು ನಿಮಿಷಕ್ಕೆ ಅದರ ಎಷ್ಟೋ ಪಟ್ಟು ದಾಟುತ್ತದೆ. ಚಿಕ್ಕವಳಿದ್ದಾಗ ಬೊಂಬಾಯಿ ಹೋಟೆಲುಗಳಿಂದ ನಮ್ಮೂರಿಗೆ ಮನಿಯಾರ್ಡರ್ ಬರುತ್ತಿದ್ದವು. ಐವತ್ತು, ಎಪ್ಪತ್ತೈದು. ಕೆಳಗಿನ ಚೂರಿನಲ್ಲಿ "ನಾನು ಕ್ಷೇಮ, ಅಮ್ಮನಿಗೆ ಮದ್ದು ತೆಗೆಯಿರಿ" ಅಂತ ಎರಡು ಸಾಲು. ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿಕೊಟ್ಟು ಆ ಚೂರನ್ನು ಹರಿದುಕೊಟ್ಟರೆ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದರು. ಈಗ ಆ ಹಳೇ ಫಾರ್ಮೂ ಇಲ್ಲ, ಚೂರೂ ಇಲ್ಲ. ನನ್ನ ಕನಸು ಇನ್ನೂ ಹಳೇ ಸ್ಟಾಕಿನಲ್ಲೇ ನಡೆಯುತ್ತಿದೆ.

ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋದೆ. ಪುಸ್ತಕ ಅಟ್ಟದ ಪೆಟ್ಟಿಗೆಯಲ್ಲೇ ಇತ್ತು. ಅಂಚನ್ನು ಗೆದ್ದಲು ತಿಂದಿದೆ, ನಡು ಗಟ್ಟಿಯಾಗಿದೆ. ಅಡಿಕೆ ಇಷ್ಟು, ಮೈಲುತುತ್ತು ಇಷ್ಟು, ಸುಣ್ಣ ಇಷ್ಟು, ದೇವಸ್ಥಾನಕ್ಕೆ ಎಣ್ಣೆ ಇಷ್ಟು. ನಡುವೆ ಒಂದು ಪುಟ. "ಸುರಂಗ ಬಾಬ್ತು. ಕೋಲು 34. ದರ 30. ಒಟ್ಟು 1020. ಪಾವತಿ." ಅದರ ಕೆಳಗೆ ಎರಡು ಗೆರೆ. ಅಜ್ಜ ಲೆಕ್ಕ ಮುಗಿದರೆ ಎರಡು ಗೆರೆ ಎಳೆಯುತ್ತಿದ್ದರು, ಸ್ಕೇಲು ಇಟ್ಟು.

ಅಮ್ಮನಿಗೆ ಈಗ ಎಪ್ಪತ್ತಾರು. ಭಾನುವಾರ ಬೆಳಗ್ಗೆ ನಾನು ಮೊಬೈಲು ಹಿಡಿದು ಸುರಂಗದ ಕಡೆ ಹೊರಟದ್ದು ನೋಡಿ ಏನೂ ಕೇಳಲಿಲ್ಲ. ಒಳಗೆ ಹೋಗಿ ಮೇಣದ ಬತ್ತಿ, ಬೆಂಕಿಪೆಟ್ಟಿಗೆ ತಂದುಕೊಟ್ಟರು. "ಮೊಬೈಲಿಂಗೆ ಗಾಳಿ ಬೇಡ. ನಿನಗೆ ಬೇಕು." ಬಾಯಿಯವರೆಗೆ ಬಂದು ಒಂದು ಕಲ್ಲಿನ ಮೇಲೆ ಕೂತರು.

ಬಾಯಿಯಲ್ಲಿ ಜರಿಗಿಡ ಬೆಳೆದು ಪರದೆ ಆಗಿದೆ. ಒಳಗೆ ಬಾವಲಿಯ ವಾಸನೆ. ಕಾಲ ಕೆಳಗೆ ಪಾದ ಮುಳುಗುವಷ್ಟು ತಣ್ಣನೆಯ ಕೆಸರು. ನಲ್ವತ್ತೆರಡು ವರ್ಷದಲ್ಲಿ ಸುರಂಗ ಕಿರಿದಾದ ಹಾಗೆ ಕಂಡಿತು, ಕಿರಿದಾದದ್ದು ಅದಲ್ಲ. ಮೊಬೈಲು ಸೆರಗಿಗೆ ಸಿಕ್ಕಿಸಿ ಎಡಗೈಯಲ್ಲಿ ಮೇಣದ ಬತ್ತಿ ಹಿಡಿದೆ. ಬಲಗೈ ಗೋಡೆಗೆ.

ಮುರಕಲ್ಲು ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಗೀಟುಗಳು ಹಾಗೇ ಇದ್ದವು. ಆಗ ತಲೆಗಿಂತ ಮೇಲೆ ಇದ್ದವು ಈಗ ಹೆಗಲಿಗೆ ಸರಿಯಾಗಿ ಸಿಕ್ಕಿದವು. ಒಂದು, ಎರಡು. ಹನ್ನೊಂದರ ಹತ್ತಿರ ಬಾವಲಿಗಳು ಮುಖಕ್ಕೆ ಗಾಳಿ ಹಾಕಿಕೊಂಡು ಹೊರಗೆ ಹಾರಿದವು. ಹತ್ತೊಂಬತ್ತರ ಮೇಲೆ ಬೇರು ಇಳಿದಿತ್ತು, ಸರಿಸಿ ನೋಡಿದೆ, ಇತ್ತು. ಮೂವತ್ತನಾಲ್ಕರ ಗೀಟಿನ ಪಕ್ಕ ಒಂದು ಅಡ್ಡ ಗೆರೆ. ಇಲ್ಲಿಗೆ ನಿಲ್ಲಿಸು ಅಂದಿದ್ದಾರೆ ಅಂತ ಅವರೂ ಬರೆದುಕೊಂಡಿದ್ದರು, ತಮ್ಮ ಪುಸ್ತಕದಲ್ಲಿ.

ಮುಂದೆ ಹೋದೆ. ಅಲ್ಲಿಂದ ಗೀಟುಗಳು ಸಣ್ಣ, ಒಂದೇ ಬೆರಳಿನವು. ಮೂವತ್ತೈದು. ಮೂವತ್ತಾರು. ಬತ್ತಿ ಒಮ್ಮೆ ಬಾಗಿ ಮತ್ತೆ ನಿಂತಿತು.

ಬಾಯಿಯಿಂದ ಅಮ್ಮ ಕೂಗಿದರು. ಅಮ್ಮನಿಗೆ ತುಳು ಅಷ್ಟೇನೂ ಸಲೀಸಲ್ಲ.

"ತುಡರ್ ಉಂಡಾ?"

"ಉಂಡು" ಅಂದೆ.

ಕೊನೆಯ ಗೀಟಿನ ಎದುರು ಗೋಡೆಯಲ್ಲಿ ಒಂದು ಬಿರುಕು, ಕೈಯಗಲ. ಅದರಲ್ಲಿ ಒಂದು ಹನಿ ಕೂತಿತ್ತು, ಬೀಳುತ್ತಿರಲಿಲ್ಲ. ಕಿವಿ ಇಟ್ಟು ನೋಡಿದೆ. ನನ್ನ ಉಸಿರು ಮಾತ್ರ.

ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಬಿಡಲು ಆಗಲಿಲ್ಲ. ಅಮ್ಮ ಕಲ್ಲಿನ ಮೇಲೆ ಕೂತಲ್ಲೇ ಇದ್ದರು.

"ಎಷ್ಟಾತು?"

"ನಲ್ವತ್ತೊಂದು."

ಅಮ್ಮ ನನ್ನ ಕೈಯಿಂದ ಮೇಣದ ಬತ್ತಿ ತೆಗೆದುಕೊಂಡು ಊದಿ ಆರಿಸಿದರು. ಉಳಿದ ತುಂಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದರು.

"ನಿನ್ನ ಅಜ್ಜಂಗೆ ಲೆಕ್ಕ ತಪ್ಪುವ ಅಭ್ಯಾಸ ಇತ್ತಿಲ್ಲೆ" ಅಂದರು.